ನೌಕಾ ಇಂಜಿನಿಯರುಗಳ ತರಬೇತಿ: ಹಡಗಿನ ಹೈಡ್ರಾಲಿಕ್ಸ್ ಮತ್ತು ಯಂತ್ರಗಳು

ವಾಣಿಜ್ಯ ಹಡಗಿನ ಮುಖ್ಯ ಇಂಜಿನ್, ಜನರೇಟರು, ಬಾಯ್ಲರು, ಪಂಪು, ಚುಕ್ಕಾಣಿ ಯಂತ್ರ, ಕ್ರೇನು, ಲಂಗರು ಎತ್ತುವ ಯಂತ್ರ ಇವೆಲ್ಲವನ್ನೂ ನಡೆಸುವ, ಕೆಟ್ಟರೆ ಸರಿಪಡಿಸುವ ಅಧಿಕಾರಿಗಳನ್ನು ಸಿದ್ಧಗೊಳಿಸುವ ಶಿಕ್ಷಣಕ್ರಮ. ದಡದ ಕಾರ್ಖಾನೆಯಲ್ಲಿ ಯಂತ್ರ ನಿಂತರೆ ತಯಾರಕರಿಗೆ ಫೋನು ಮಾಡಬಹುದು, ಬಿಡಿಭಾಗ ನಾಳೆ ಬರುತ್ತದೆ. ಹಿಂದೂ ಮಹಾಸಾಗರದ ನಡುವೆ, ಹತ್ತಿರದ ಬಂದರು ಇನ್ನೂ ಕೆಲವು ದಿನಗಳ ದಾರಿ ಇರುವಾಗ, ಹಡಗಿನಲ್ಲಿರುವ ನಾಲ್ಕೈದು ಇಂಜಿನಿಯರುಗಳು, ಒಬ್ಬ ಫಿಟ್ಟರು ಮತ್ತು ಸ್ಟೋರಿನಲ್ಲಿ ಉಳಿದಿರುವ ಸಾಮಾನು ಇಷ್ಟರಲ್ಲೇ ಕೆಲಸ ಆಗಬೇಕು. ಈ ತರಬೇತಿಯಲ್ಲಿ ಪುಸ್ತಕದಷ್ಟೇ ವರ್ಕ್‌ಶಾಪಿಗೆ, ಪರೀಕ್ಷೆಯಷ್ಟೇ ಸಮುದ್ರದ ಮೇಲಿನ ಅನುಭವಕ್ಕೆ ಬೆಲೆ ಬಂದದ್ದು ಇದರಿಂದ.

ಹಡಗಿನ ಯಂತ್ರಗಳಲ್ಲಿ ಕಣ್ಣಿಗೆ ಬೀಳುವುದು ಮುಖ್ಯ ಇಂಜಿನ್. ಮೂರ್ನಾಲ್ಕು ಮಹಡಿ ಎತ್ತರದ ಅದನ್ನು ನೋಡಿದ ಹೊಸ ಕೆಡೆಟ್ ಅದರ ಹಿಂದೆಯೇ ಬೀಳುತ್ತಾನೆ. ಆದರೆ ಹಡಗನ್ನು ತಿರುಗಿಸುವುದು, ಸರಕಿನ ಕಣಜದ ಬಾಗಿಲು ತೆರೆಯುವುದು, ಹಗ್ಗ ಬಿಗಿಯುವುದು, ಕ್ರೇನು ಎತ್ತುವುದು, ನೀರು ನುಗ್ಗದಂತೆ ಬಾಗಿಲು ಮುಚ್ಚುವುದು ಬಹುಪಾಲು ಹೈಡ್ರಾಲಿಕ್ಸ್‌ನ, ಅಂದರೆ ಒತ್ತಡದಲ್ಲಿರುವ ತೈಲದ, ಕೆಲಸ. ತರಗತಿಯಲ್ಲಿ ಇದಕ್ಕೆ ಸಿಗುವ ಸಮಯ ಸಾಲದು ಎಂಬುದು ಈ ಲೇಖಕನ ಅಭಿಪ್ರಾಯ. ಅದಕ್ಕೆ ಕಾರಣಗಳು ಮುಂದೆ ಬರುತ್ತವೆ.

ತತ್ತ್ವ: ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹಬ್ಬುತ್ತದೆ ಎಂಬ ಪ್ಯಾಸ್ಕಲನ ನಿಯಮ ನಮ್ಮ ಹೈಸ್ಕೂಲು ಪಠ್ಯದಲ್ಲೇ ಇದೆ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಇದೇ ನಿಯಮದ ಮೇಲೆ ಒತ್ತುಯಂತ್ರವೊಂದಕ್ಕೆ ಪೇಟೆಂಟು ಪಡೆದ. ಹಡಗಿನಲ್ಲಿ ಇದರ ಬಲ ಎಷ್ಟೆಂದು ಲೆಕ್ಕ ಹಾಕಿ ನೋಡಬಹುದು. ಚುಕ್ಕಾಣಿ ಯಂತ್ರದ ಒಂದು ರ‍್ಯಾಮ್, ಅಂದರೆ ಸಿಲಿಂಡರಿನೊಳಗೆ ಜರುಗುವ ಉಕ್ಕಿನ ದಿಂಡು, 300 ಮಿಲಿಮೀಟರ್ ವ್ಯಾಸದ್ದು ಎಂದುಕೊಳ್ಳೋಣ. ಅದರ ಮುಖದ ವಿಸ್ತೀರ್ಣ ಸುಮಾರು 707 ಚದರ ಸೆಂಟಿಮೀಟರ್. ತೈಲದ ಒತ್ತಡ 150 ಬಾರ್ ಇದ್ದರೆ ಆ ದಿಂಡು ತಳ್ಳುವ ಬಲ ಸುಮಾರು 108 ಟನ್. ತುಂಬಿದ ಲಾರಿಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಭಾರ ಒಂದು ಕುಂಬಳಕಾಯಿಯಷ್ಟು ಅಗಲದ ಉಕ್ಕಿನ ಮುಖದ ಮೇಲೆ ಬಂದು ಕೂರುತ್ತದೆ. ಈ ಲೆಕ್ಕವನ್ನು ವಿದ್ಯಾರ್ಥಿ ಒಮ್ಮೆ ಕೈಯಾರೆ ಮಾಡಿದರೆ, ಕೊಳವೆಯ ಜೋಡಣೆಯೊಂದರಲ್ಲಿ ಕಾಣುವ ಸಣ್ಣ ಜಿನುಗನ್ನು ಆಮೇಲೆ ಎಂದೂ ಹಗುರವಾಗಿ ನೋಡುವುದಿಲ್ಲ.

ಚುಕ್ಕಾಣಿ ಯಂತ್ರ: ಹಿಂದೆ ದೊಡ್ಡ ಹಡಗಿನ ಚುಕ್ಕಾಣಿ ತಿರುಗಿಸಲು ಬಿರುಗಾಳಿಯಲ್ಲಿ ಚಕ್ರಕ್ಕೆ ಹಲವು ಜನ ಜೋತುಬೀಳಬೇಕಿತ್ತು. 1867ರಲ್ಲಿ ಗ್ರೇಟ್ ಈಸ್ಟರ್ನ್ ಹಡಗಿಗೆ ಜಾನ್ ಮೆಕ್‌ಫಾರ್ಲೇನ್ ಗ್ರೇ ರೂಪಿಸಿದ ಉಗಿ ಚುಕ್ಕಾಣಿ ಯಂತ್ರ ಬಂತು. ನಂತರ ಬ್ರಿಡ್ಜಿನ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯ, ಚಕ್ರದ ಚಲನೆಯನ್ನು ಹಿಂಬದಿಗೆ ದ್ರವದ ಮೂಲಕ ಮುಟ್ಟಿಸುವ ಟೆಲಿಮೋಟರ್ ಬಂತು. ಉಗಿ ಹೋಗಿ ವಿದ್ಯುತ್ ಬಂದ ಮೇಲೆ ಈಗಿನ ರೂಪ ನಿಂತಿತು: ವಿದ್ಯುತ್ ಮೋಟರು ಪಂಪು ತಿರುಗಿಸುತ್ತದೆ, ಪಂಪು ತೈಲವನ್ನು ಒತ್ತುತ್ತದೆ, ತೈಲ ರ‍್ಯಾಮನ್ನು ತಳ್ಳುತ್ತದೆ, ರ‍್ಯಾಮ್ ಟಿಲ್ಲರ್ ಎಂಬ ತೋಳನ್ನು ತಿರುಗಿಸುತ್ತದೆ, ತೋಳಿನ ಜತೆ ಚುಕ್ಕಾಣಿಯ ದಂಡ ತಿರುಗುತ್ತದೆ.

ಈ ಯಂತ್ರದ ಕೊಠಡಿ ಇರುವುದು ಹಡಗಿನ ಕಟ್ಟಕಡೆಯಲ್ಲಿ, ಪ್ರೊಪೆಲರಿನ ನೆತ್ತಿಯ ಮೇಲೆ. ನೆಲ ಸದಾ ನಡುಗುತ್ತಿರುತ್ತದೆ. ನಾಲ್ಕು ರ‍್ಯಾಮಿನ ಯಂತ್ರವಾದರೆ ಟಿಲ್ಲರಿನ ಎರಡೂ ಬದಿಗೆ ಎರಡೆರಡು ಸಿಲಿಂಡರು. ಟಿಲ್ಲರಿನ ತೋಳು ರ‍್ಯಾಮಿನ ನಡುವಿನ ಬುಶ್ಶಿನಲ್ಲಿ ಜಾರುವಂತೆ ಮಾಡಿರುವ ರ‍್ಯಾಪ್ಸನ್ ಸ್ಲೈಡ್ ಎಂಬ ಏರ್ಪಾಡು ನೋಡಲು ಸರಳ, ಆದರೆ ಅದರೊಳಗೆ ಬಹಳ ಜಾಣತನವಿದೆ. ಚುಕ್ಕಾಣಿ ನಡುವಿನಲ್ಲಿರುವಾಗ ಸಿಗುವ ತಿರುಚುಬಲಕ್ಕಿಂತ 35 ಡಿಗ್ರಿ ತಿರುಗಿದಾಗ ಸಿಗುವ ಬಲ, ಅದೇ ತೈಲದ ಒತ್ತಡದಲ್ಲಿ, ಸುಮಾರು ಒಂದೂವರೆ ಪಟ್ಟು. ನೀರು ಚುಕ್ಕಾಣಿಯನ್ನು ಹೆಚ್ಚು ಹಿಂದಕ್ಕೆ ನೂಕುವುದೂ ಆ ಹೊತ್ತಿನಲ್ಲೇ. ಹಡಗಿನ ಯಂತ್ರಗಳಲ್ಲಿ ಇಷ್ಟು ಚೆನ್ನಾಗಿ ಕೂಡಿಬಂದ ವಿನ್ಯಾಸಗಳು ಹೆಚ್ಚಿಲ್ಲ.

ಸಮುದ್ರದಲ್ಲಿ ಜೀವರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಸೋಲಾಸ್ ಒಪ್ಪಂದದ ಪ್ರಕಾರ ಹಡಗು ಪೂರ್ಣ ಭಾರ ಹೊತ್ತು ಪೂರ್ಣ ವೇಗದಲ್ಲಿ ಹೋಗುತ್ತಿರುವಾಗ ಚುಕ್ಕಾಣಿಯನ್ನು ಒಂದು ಬದಿಯ 35 ಡಿಗ್ರಿಯಿಂದ ಇನ್ನೊಂದು ಬದಿಯ 35 ಡಿಗ್ರಿಗೆ ತಿರುಗಿಸಲು ಆಗಬೇಕು. ಅದರಲ್ಲಿ 35ರಿಂದ ಆಚೆಯ 30ರವರೆಗಿನ ಚಲನೆ 28 ಸೆಕೆಂಡಿನೊಳಗೆ ಮುಗಿಯಬೇಕು. ಬಂದರು ಬಿಡುವ ಮುನ್ನ 12 ಗಂಟೆಯೊಳಗೆ ಯಂತ್ರವನ್ನು ಪರೀಕ್ಷಿಸಬೇಕು. ಮೂರು ತಿಂಗಳಿಗೊಮ್ಮೆಯಾದರೂ ತುರ್ತು ಚುಕ್ಕಾಣಿಯ ಅಭ್ಯಾಸ ನಡೆಯಬೇಕು.

ಆ ಅಭ್ಯಾಸವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಬ್ರಿಡ್ಜಿನ ನಿಯಂತ್ರಣ ತಪ್ಪಿಹೋಯಿತು ಎಂದು ಭಾವಿಸಿಕೊಂಡು ಒಬ್ಬ ಇಂಜಿನಿಯರು, ಒಬ್ಬ ನಾವಿಕ ಚುಕ್ಕಾಣಿ ಕೊಠಡಿಗೆ ಇಳಿಯುತ್ತಾರೆ. ಪಂಪಿನ ಗದ್ದಲದಲ್ಲಿ ಕಿವಿಗೆ ಒತ್ತಿ ಹಿಡಿದ ದೂರವಾಣಿಯಲ್ಲಿ ಮೇಲಿನಿಂದ ಆಜ್ಞೆ ಬರುತ್ತದೆ: ಪೋರ್ಟ್ ಟೆನ್, ಅಂದರೆ ಎಡಕ್ಕೆ ಹತ್ತು ಡಿಗ್ರಿ. ಕೇಳಿದವನು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳುತ್ತಾನೆ. ಇಂಜಿನಿಯರು ತೈಲದ ದಾರಿ ಬದಲಿಸುವ ಸೊಲೆನಾಯ್ಡ್ ವಾಲ್ವಿನ ತುದಿಯಲ್ಲಿರುವ ಸಣ್ಣ ಪಿನ್ನನ್ನು ಒತ್ತಿ ಹಿಡಿಯುತ್ತಾನೆ. ಎಣ್ಣೆ ಹಚ್ಚಿದ ದಿಂಡು ಸದ್ದಿಲ್ಲದೆ ಜರುಗತೊಡಗುತ್ತದೆ, ಹಿತ್ತಾಳೆಯ ಅಳತೆಪಟ್ಟಿಯ ಮೇಲೆ ಮುಳ್ಳು ಸರಿಯುತ್ತದೆ. ಹತ್ತರ ಗೆರೆ ಮುಟ್ಟುವ ಸ್ವಲ್ಪ ಮೊದಲೇ ಬೆರಳು ಎತ್ತಬೇಕು, ಇಲ್ಲವಾದರೆ ಹನ್ನೆರಡಕ್ಕೆ ಹೋಗಿ ನಿಲ್ಲುತ್ತದೆ. ಆ 'ಸ್ವಲ್ಪ' ಎಷ್ಟು ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಹಡಗಿನಿಂದ ಹಡಗಿಗೆ ಅದು ಬೇರೆ. ಮೂರು ಸಲ ಮಾಡಿದವನ ಬೆರಳಿಗೆ ಅದು ಗೊತ್ತಿರುತ್ತದೆ. ರಿಜಿಸ್ಟರಿನಲ್ಲಿ ಸಹಿ ಮಾತ್ರ ಹಾಕಿದವನಿಗೆ ನಿಜವಾದ ತುರ್ತಿನ ರಾತ್ರಿ ಪಿನ್ನು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಅಮೋಕೊ ಕಾದಿಜ್: ನಿಯಮಗಳು ಇಷ್ಟು ಬಿಗಿಯಾಗಲು ದೊಡ್ಡ ಕಾರಣ 1978ರ ಮಾರ್ಚ್ 16ರ ಒಂದು ದುರಂತ. ಪರ್ಶಿಯನ್ ಕೊಲ್ಲಿಯಿಂದ ಕಚ್ಚಾತೈಲ ಹೊತ್ತು ಯುರೋಪಿಗೆ ಹೊರಟಿದ್ದ ಅಮೋಕೊ ಕಾದಿಜ್ ಎಂಬ ಟ್ಯಾಂಕರ್ ಫ್ರಾನ್ಸಿನ ಬ್ರಿಟನಿ ತೀರದ ಬಳಿ ಬಿರುಗಾಳಿಗೆ ಸಿಕ್ಕಿತು. ಬೆಳಿಗ್ಗೆ ಹತ್ತು ಗಂಟೆಗೆ ಮುಂಚೆ ಚುಕ್ಕಾಣಿ ಯಂತ್ರದ ತೈಲಕೊಳವೆಯ ಫ್ಲ್ಯಾಂಜಿನ ಸ್ಟಡ್ಡುಗಳು ಕಿತ್ತುಬಂದು ತೈಲವೆಲ್ಲ ಹೊರಚೆಲ್ಲಿತು. ಹಿಡಿತ ತಪ್ಪಿದ ಚುಕ್ಕಾಣಿ ಅಲೆಗಳ ಹೊಡೆತಕ್ಕೆ ಅತ್ತಿತ್ತ ಬಡಿಯತೊಡಗಿತು. ಇಂಜಿನಿಯರುಗಳು ಸರಿಪಡಿಸಲು ಹೆಣಗಿದರೂ ಆಗಲಿಲ್ಲ. ಎಳೆಯಲು ಬಂದ ಜರ್ಮನ್ ಟಗ್‌ನ ಹಗ್ಗ ತುಂಡಾಯಿತು. ರಾತ್ರಿ ಒಂಬತ್ತರ ಸುಮಾರಿಗೆ ಹಡಗು ಪೋರ್ಟ್‌ಸಾಲ್ ಬಂಡೆಗಳಿಗೆ ಬಡಿದು, ಮುಂದೆ ಅದರಲ್ಲಿದ್ದ 2,20,000 ಟನ್ನಿಗೂ ಹೆಚ್ಚು ತೈಲವೆಲ್ಲ ಸಮುದ್ರ ಸೇರಿತು.

1984ರಲ್ಲಿ ಷಿಕಾಗೊದ ಫೆಡರಲ್ ನ್ಯಾಯಾಲಯ ನೀಡಿದ ತೀರ್ಪು ಚುಕ್ಕಾಣಿ ಯಂತ್ರದ ನಿರ್ವಹಣೆಯ ಲೋಪದ ಜತೆಗೆ ಸಿಬ್ಬಂದಿಯ ತರಬೇತಿಯ ಲೋಪವನ್ನೂ ಎತ್ತಿ ಹೇಳಿತು. ನೌಕಾ ಇಂಜಿನಿಯರುಗಳಿಗೆ ಪಾಠ ಹೇಳುವವರು ಈ ತೀರ್ಪನ್ನು ಮರೆಯಬಾರದು. ದುರಂತದ ನಂತರ ಸೋಲಾಸ್ ನಿಯಮಗಳನ್ನು ತಿದ್ದಲಾಯಿತು. 10,000 ಟನ್ನೇಜಿಗೆ ಮೇಲ್ಪಟ್ಟ ಟ್ಯಾಂಕರುಗಳಲ್ಲಿ ಒಂದು ಕಡೆ ತೈಲ ಸೋರಿದರೆ ಆ ಭಾಗ ಬೇರ್ಪಟ್ಟು 45 ಸೆಕೆಂಡಿನೊಳಗೆ ಚುಕ್ಕಾಣಿಯ ಹಿಡಿತ ಮರಳಿ ಸಿಗುವ ವ್ಯವಸ್ಥೆ ಕಡ್ಡಾಯವಾಯಿತು. ತೈಲದ ಮಟ್ಟ ಇಳಿದರೆ ಕೂಗುವ ಅಲಾರಂ, ಒಂದು ವ್ಯವಸ್ಥೆಯನ್ನಾದರೂ ಹೊಸದಾಗಿ ತುಂಬಿಸುವಷ್ಟು ಮೀಸಲು ತೈಲದ ಟ್ಯಾಂಕು ಇವೂ ಇಂದು ಚುಕ್ಕಾಣಿ ಕೊಠಡಿಯಲ್ಲಿ ಇರಲೇಬೇಕು.

ಉಳಿದ ಯಂತ್ರಗಳು: ಸರಕು ಕಣಜಗಳ ಉಕ್ಕಿನ ಮುಚ್ಚಳಗಳು, ಡೆಕ್ಕಿನ ಕ್ರೇನುಗಳು, ಲಂಗರು ಮತ್ತು ಹಗ್ಗದ ವಿಂಚುಗಳು, ಜೀವರಕ್ಷಕ ದೋಣಿ ಇಳಿಸುವ ತೋಳುಗಳು, ಪ್ರೊಪೆಲರಿನ ಎಲೆಗಳ ಕೋನ ಬದಲಿಸುವ ಏರ್ಪಾಡು, ದೂರದಿಂದ ತೆರೆದು ಮುಚ್ಚುವ ವಾಲ್ವುಗಳು ಅನೇಕ ಹಡಗುಗಳಲ್ಲಿ ತೈಲದ ಒತ್ತಡದಿಂದಲೇ ನಡೆಯುತ್ತವೆ. ರಾಸಾಯನಿಕ ಟ್ಯಾಂಕರುಗಳಲ್ಲಿ ಸರಕಿನ ಪ್ರತಿ ಟ್ಯಾಂಕಿನ ತಳದಲ್ಲೂ ಮುಳುಗಿಸಿಟ್ಟ ಹೈಡ್ರಾಲಿಕ್ ಪಂಪು ಇರುವುದುಂಟು. ದೊಡ್ಡ ಇಂಜಿನ್ನಿನ ಸಿಲಿಂಡರ್ ಹೆಡ್ಡಿನ ನಟ್ಟುಗಳನ್ನು ಬಿಗಿಯುವುದೂ ಸ್ಪ್ಯಾನರಿನಿಂದಲ್ಲ: ಹೈಡ್ರಾಲಿಕ್ ಜಾಕಿನಿಂದ ಸ್ಟಡ್ಡನ್ನು ಎಳೆದು ಹಿಗ್ಗಿಸಿ, ನಟ್ಟನ್ನು ಕೈಯಿಂದ ತಿರುಗಿಸಿ ಕೂರಿಸಿ, ಒತ್ತಡ ಬಿಡುತ್ತಾರೆ.

2000ದ ಈಚೆಗೆ ಇನ್ನೂ ದೊಡ್ಡ ಬದಲಾವಣೆ ಬಂದಿದೆ. ಎಲೆಕ್ಟ್ರಾನಿಕ್ ನಿಯಂತ್ರಣದ ಬಹುಪಾಲು ಟೂ-ಸ್ಟ್ರೋಕ್ ಇಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟೇ ಇಲ್ಲ. ಮ್ಯಾನ್ ಬಿ ಅಂಡ್ ಡಬ್ಲ್ಯು ಸಂಸ್ಥೆಯ ಎಂಇ ಇಂಜಿನ್ನಿನಲ್ಲಿ ಇಂಧನ ಚಿಮ್ಮಿಸುವ ಪಂಪನ್ನೂ ಎಗ್ಸಾಸ್ಟ್ ವಾಲ್ವನ್ನೂ ನಡೆಸುವುದು 200ರಿಂದ 300 ಬಾರ್ ಒತ್ತಡದ, ನುಣ್ಣಗೆ ಸೋಸಿದ ತೈಲ. ಹೈಡ್ರಾಲಿಕ್ಸ್ ಗೊತ್ತಿಲ್ಲದವನು ಇಂದು ಮುಖ್ಯ ಇಂಜಿನ್ನನ್ನೂ ಅರ್ಥಮಾಡಿಕೊಳ್ಳಲಾರ.

ತೈಲವನ್ನು ಓದುವುದು: ಹೈಡ್ರಾಲಿಕ್ ವ್ಯವಸ್ಥೆಗಳು ಕೆಡುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಕೊಳೆಯಾದ ತೈಲ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಸರ್ವೋ ವಾಲ್ವಿನೊಳಗಿನ ಸಂದು ಕೆಲವೇ ಮೈಕ್ರಾನ್. ಕಣ್ಣಿಗೆ ಕಾಣದ ಕಣವೊಂದು ಅಲ್ಲಿ ಸಿಕ್ಕಿಕೊಂಡರೆ ನೂರು ಟನ್ ಬಲದ ಯಂತ್ರ ನಿಂತಲ್ಲೇ ನಿಲ್ಲುತ್ತದೆ. ಒಳ್ಳೆಯ ಬೋಧಕರು ಇದನ್ನು ಗಾಜಿನ ಬಾಟಲಿಯಿಂದ ಕಲಿಸುತ್ತಾರೆ. ಹೊಸ ತೈಲ ತಿಳಿ ಜೇನಿನ ಬಣ್ಣ. ಮಜ್ಜಿಗೆಯಂತೆ ಕದಡಿದ್ದರೆ ಒಳಗೆ ಗಾಳಿ ಸೇರಿರಬಹುದು, ನೀರೂ ಸೇರಿರಬಹುದು. ಬಾಟಲಿಯನ್ನು ಸ್ವಲ್ಪ ಹೊತ್ತು ಅಲ್ಲಾಡಿಸದೆ ಇಟ್ಟರೆ ಗಾಳಿಯಾದರೆ ತಿಳಿಯಾಗುತ್ತದೆ, ನೀರಾದರೆ ಕದಡಿಕೊಂಡೇ ಇರುತ್ತದೆ. ಇನ್ನೂ ಅನುಮಾನವಿದ್ದರೆ ಬಿಸಿ ತಗಡಿನ ಮೇಲೆ ಒಂದು ಹನಿ ಬಿಡಬೇಕು. ನೀರಿದ್ದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಲ್ಲೋ ಅತಿಯಾಗಿ ಬಿಸಿಯಾಗುತ್ತಿದೆ ಎಂದರ್ಥ. ಪಂಪಿನ ಸದ್ದೂ ಹಾಗೆಯೇ. ಜಲ್ಲಿ ತುಂಬಿದ ಡಬ್ಬಿ ಅಲ್ಲಾಡಿಸಿದಂತೆ ಕೇಳಿಸಿದರೆ ಪಂಪಿಗೆ ಸಾಕಷ್ಟು ತೈಲ ಬರುತ್ತಿಲ್ಲ: ಸೋಸುಬಲೆ ಕಟ್ಟಿರಬಹುದು, ಟ್ಯಾಂಕಿನಲ್ಲಿ ಮಟ್ಟ ಇಳಿದಿರಬಹುದು, ಚಳಿಗೆ ತೈಲ ಗಟ್ಟಿಯಾಗಿರಬಹುದು.

ಅಪಾಯ: ಹೈಡ್ರಾಲಿಕ್ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಾಗ ಹೊರಬರುವ ತೈಲ ಕಣ್ಣಿಗೆ ಮಂಜಿನಂತೆ ಕಾಣಬಹುದು. ಸೋರಿಕೆ ಎಲ್ಲಿದೆ ಎಂದು ಬರಿಗೈಯಲ್ಲಿ ಸವರಿ ನೋಡಿದರೆ ಅದು ಚರ್ಮ ತೂರಿ ಒಳಹೋಗುತ್ತದೆ. ಮೇಲೆ ಕಾಣುವುದು ಸಣ್ಣ ಚುಕ್ಕೆ, ನೋವೂ ಮೊದಲು ಹೆಚ್ಚಿರುವುದಿಲ್ಲ; ಆದರೆ ಕೂಡಲೇ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾಗಬಹುದು. ಸಮುದ್ರದ ನಡುವೆ ಶಸ್ತ್ರಚಿಕಿತ್ಸಕ ಎಲ್ಲಿಂದ ಬರಬೇಕು? ಸೋರಿಕೆಯನ್ನು ರಟ್ಟಿನ ತುಂಡು ಹಿಡಿದು ಹುಡುಕಬೇಕು, ಕೈಯಿಂದ ಎಂದಿಗೂ ಅಲ್ಲ. ಮೋಟರು ನಿಲ್ಲಿಸಿದ ಮೇಲೂ ಒತ್ತಡ ಕೂಡಿಡುವ ಅಕ್ಯುಮ್ಯುಲೇಟರ್ ಎಂಬ ಪಾತ್ರೆಯಲ್ಲಿ ಒತ್ತಡ ಉಳಿದಿರುತ್ತದೆ. ಅದನ್ನು ಇಳಿಸದೆ ಒಂದು ನಟ್ಟೂ ಸಡಿಲಿಸಬಾರದು. ಅಕ್ಯುಮ್ಯುಲೇಟರಿಗೆ ತುಂಬುವ ಅನಿಲ ನೈಟ್ರೋಜನ್. ಕೈಗೆ ಸಿಕ್ಕಿತೆಂದು ಆಕ್ಸಿಜನ್ ತುಂಬಿದರೆ ತೈಲದ ಜತೆ ಸೇರಿ ಸ್ಫೋಟಿಸುತ್ತದೆ. ಎತ್ತಿ ನಿಲ್ಲಿಸಿದ ಮುಚ್ಚಳದ ಕೆಳಗೆ, ಯಾಂತ್ರಿಕ ಕೊಂಡಿ ಹಾಕದೆ, ತೈಲದ ಒತ್ತಡವನ್ನಷ್ಟೇ ನಂಬಿ ಕೆಲಸ ಮಾಡಬಾರದು. ಈ ನಾಲ್ಕು ಮಾತು ಕೆಡೆಟ್ಟಿಗೆ ಹಡಗು ಹತ್ತುವ ಮೊದಲೇ ಬಾಯಿಪಾಠ ಆಗಿರಬೇಕು.

ಅಂತರರಾಷ್ಟ್ರೀಯ ಚೌಕಟ್ಟು: ನಾವಿಕರ ತರಬೇತಿ ಮತ್ತು ಪ್ರಮಾಣಪತ್ರಗಳಿಗೆ ಜಗತ್ತಿಗೆಲ್ಲ ಅನ್ವಯಿಸುವ ಎಸ್‌ಟಿಸಿಡಬ್ಲ್ಯು ಒಪ್ಪಂದ ಅಂಗೀಕಾರವಾದದ್ದು 1978ರ ಜುಲೈನಲ್ಲಿ, ಜಾರಿಗೆ ಬಂದದ್ದು 1984ರ ಏಪ್ರಿಲ್ 28ರಂದು. 1995ರಲ್ಲಿ ಅದನ್ನು ಬಹುಮಟ್ಟಿಗೆ ಹೊಸದಾಗಿ ಬರೆಯಲಾಯಿತು. 2010ರ ಮನಿಲಾ ತಿದ್ದುಪಡಿಗಳು 2012ರ ಜನವರಿ 1ರಿಂದ ಜಾರಿಗೆ ಬಂದವು. ಎಲೆಕ್ಟ್ರೋ-ಟೆಕ್ನಿಕಲ್ ಆಫೀಸರ್ ಎಂಬ ಹುದ್ದೆಗೆ ಪ್ರತ್ಯೇಕ ಮಾನದಂಡ ಸಿಕ್ಕಿದ್ದು ಆಗ. ಪಾಳಿಯ ಇಂಜಿನಿಯರು ಆಗಲು ವರ್ಕ್‌ಶಾಪ್ ತರಬೇತಿ ಮತ್ತು ಸಮುದ್ರ ಸೇವೆ ಎರಡೂ ಕೂಡಿ 12 ತಿಂಗಳು ಆಗಿರಬೇಕು, ಅದರಲ್ಲಿ ಆರು ತಿಂಗಳಾದರೂ ಇಂಜಿನ್ ಕೋಣೆಯ ಪಾಳಿಯಲ್ಲಿ ಕಳೆದಿರಬೇಕು. ಕಲಿತದ್ದನ್ನೆಲ್ಲ ತರಬೇತಿ ದಾಖಲೆ ಪುಸ್ತಕದಲ್ಲಿ ಬರೆದು ಮೇಲಧಿಕಾರಿಯ ಸಹಿ ಪಡೆಯಬೇಕು. ಕಲಿಸುವವರಿಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಮಾದರಿ ಪಠ್ಯಕ್ರಮಗಳಿವೆ. ಪಾಳಿಯ ಇಂಜಿನಿಯರಿಗೆ 7.04, ಚೀಫ್ ಮತ್ತು ಸೆಕೆಂಡ್ ಇಂಜಿನಿಯರಿಗೆ 7.02, ಇಂಜಿನ್ ಕೋಣೆಯ ಸಿಮ್ಯುಲೇಟರಿಗೆ 2.07.

ಭಾರತದಲ್ಲಿ: ಬ್ರಿಟಿಷರ ಕಾಲದಲ್ಲಿ ಹಡಗುಗಳ ಇಂಜಿನ್ ಕೋಣೆಯಲ್ಲಿ ಕಲ್ಲಿದ್ದಲು ತುಂಬುತ್ತಿದ್ದವರಲ್ಲಿ ಲಸ್ಕರರೆಂದು ಕರೆಯಲಾಗುತ್ತಿದ್ದ ಭಾರತೀಯರು ಬಹಳ ಮಂದಿ. ಅಧಿಕಾರಿಯ ಟೋಪಿ ಮಾತ್ರ ಅವರಿಗೆ ದಕ್ಕುತ್ತಿರಲಿಲ್ಲ. 1923-24ರ ಭಾರತೀಯ ವಾಣಿಜ್ಯ ನೌಕಾ ಸಮಿತಿಯ ಶಿಫಾರಸಿನ ಮೇರೆಗೆ 1927ರಲ್ಲಿ ಮುಂಬಯಿಯಲ್ಲಿ ಡಫರಿನ್ ಎಂಬ ತರಬೇತಿ ಹಡಗು ಆರಂಭವಾಯಿತು. ಮೊದಲು ಡೆಕ್ ಅಧಿಕಾರಿಗಳಿಗೆ ಮೀಸಲಾಗಿದ್ದ ಅದು 1930ರ ದಶಕದಲ್ಲಿ ಇಂಜಿನಿಯರಿಂಗ್ ಕೆಡೆಟ್ಟುಗಳಿಗೂ ಬಾಗಿಲು ತೆರೆಯಿತು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಕಲ್ಕತ್ತದಲ್ಲಿ ಡೈರೆಕ್ಟೊರೇಟ್ ಆಫ್ ಮರೈನ್ ಇಂಜಿನಿಯರಿಂಗ್ ಟ್ರೈನಿಂಗ್ ಸ್ಥಾಪನೆಯಾಯಿತು. ಡಿಎಂಇಟಿ ಎಂಬ ಆ ಹ್ರಸ್ವನಾಮ ಹಳೆಯ ಇಂಜಿನಿಯರುಗಳ ಬಾಯಲ್ಲಿ ಇಂದಿಗೂ ಇದೆ. ಮುಂದೆ ಮೆರಿ ಎಂದು ಹೆಸರು ಬದಲಾದ ಈ ಸಂಸ್ಥೆ 2008ರಲ್ಲಿ ಚೆನ್ನೈ ಕೇಂದ್ರಿತ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿ ಹುಟ್ಟಿದಾಗ ಅದರ ಭಾಗವಾಯಿತು. ಈ ಕಲ್ಕತ್ತ ಸಂಸ್ಥೆಯಿಂದಲೇ 1999ರಲ್ಲಿ ಸೊನಾಲಿ ಬ್ಯಾನರ್ಜಿ ದೇಶದ ಮೊದಲ ಮಹಿಳಾ ನೌಕಾ ಇಂಜಿನಿಯರಾಗಿ ಹೊರಬಂದರು. ನೌಕಾಪಡೆಯ ತರಬೇತಿಯ ದಾರಿ ಬೇರೆ. ಅದು ಲೋನಾವಳದ ಐಎನ್‌ಎಸ್ ಶಿವಾಜಿಯಲ್ಲಿ 1945ರಿಂದ ನಡೆಯುತ್ತಿದೆ.

ಇಂದು ವಾಣಿಜ್ಯ ಹಡಗಿನ ಇಂಜಿನಿಯರಾಗಲು ಇರುವ ದಾರಿಗಳಲ್ಲಿ ಮುಖ್ಯವಾದವು ಎರಡು. ಪಿಯುಸಿ ವಿಜ್ಞಾನದ ನಂತರ ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷದ ಮರೈನ್ ಇಂಜಿನಿಯರಿಂಗ್ ಪದವಿ ಓದುವುದು ಒಂದು. ಮೆಕ್ಯಾನಿಕಲ್ ಪದವಿ ಮುಗಿಸಿ ಜಿಎಂಇ ಎಂಬ ಒಂದು ವರ್ಷದ ಕೋರ್ಸು ಮಾಡುವುದು ಇನ್ನೊಂದು. ಸಮುದ್ರ ಸೇವೆಯ ನಂತರ ಎಂಇಒ (ಮರೈನ್ ಇಂಜಿನಿಯರ್ ಆಫೀಸರ್) ಕ್ಲಾಸ್ ಫೋರ್ ಪರೀಕ್ಷೆ. ಆಮೇಲೆ ಕ್ಲಾಸ್ ಟೂ, ಕ್ಲಾಸ್ ಒನ್. ಲಿಖಿತ ಪರೀಕ್ಷೆಗಿಂತ ಅಭ್ಯರ್ಥಿಗಳು ಹೆದರುವುದು ಮೌಖಿಕಕ್ಕೆ. ಚುಕ್ಕಾಣಿ ಯಂತ್ರದ ತೈಲಮಾರ್ಗದ ಚಿತ್ರ ಬರೆಯಿಸಿ, ಪೆನ್ಸಿಲಿನಲ್ಲಿ ಒಂದು ಕೊಳವೆ ಮುಟ್ಟಿ, ಇದು ಒಡೆದರೆ ಮೊದಲು ಯಾವ ವಾಲ್ವು ಮುಚ್ಚುತ್ತೀಯ ಎಂದು ಕೇಳಿದರೆ ಕಂಠಪಾಠ ಮಾಡಿದವನು ಅಲ್ಲೇ ತಡವರಿಸುತ್ತಾನೆ. ನನ್ನ ಮಟ್ಟಿಗೆ ಇಡೀ ಪರೀಕ್ಷಾ ಪದ್ಧತಿಯಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಈ ಪ್ರಶ್ನೆ.

ಸಿಮ್ಯುಲೇಟರುಗಳು ಈಗ ಬಹಳ ಮುಂದುವರಿದಿವೆ. ಕರೆಂಟು ಪೂರ್ತಿ ಹೋಗುವುದು, ಎರಡು ಪಂಪು ಒಟ್ಟಿಗೆ ಕೆಡುವುದು ಇಂಥ ಸಂದರ್ಭಗಳನ್ನು ಅಪಾಯವಿಲ್ಲದೆ ಹತ್ತು ಸಲ ಅಭ್ಯಾಸ ಮಾಡಿಸಬಹುದು. ಅದರ ಅಗತ್ಯ ಎಷ್ಟೆಂಬುದಕ್ಕೆ 2024ರ ಮಾರ್ಚ್ 26ರ ನಸುಕು ಸಾಕ್ಷಿ. ಬಹುಪಾಲು ಭಾರತೀಯ ಸಿಬ್ಬಂದಿಯಿದ್ದ ಡಾಲಿ ಎಂಬ ಕಂಟೇನರ್ ಹಡಗು ಬಾಲ್ಟಿಮೋರ್ ಬಂದರಿನಿಂದ ಹೊರಬರುವಾಗ ನಿಮಿಷಗಳ ಅಂತರದಲ್ಲಿ ಎರಡು ಸಲ ವಿದ್ಯುತ್ ಕಳೆದುಕೊಂಡು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಬಡಿಯಿತು. ಸೇತುವೆಯ ಮೇಲೆ ಕೆಲಸ ಮಾಡುತ್ತಿದ್ದ ಆರು ಕಾರ್ಮಿಕರು ಸತ್ತರು. ಅಮೆರಿಕದ ತನಿಖಾ ಮಂಡಳಿ ಹುಡುಕಿ ತೆಗೆದ ಮೂಲ ಕಾರಣ ಸರಿಯಾಗಿ ಕೂರದ ಒಂದು ವೈರು. ಚುಕ್ಕಾಣಿಯ ಪಂಪು ಎಷ್ಟೇ ಚೆನ್ನಾಗಿದ್ದರೂ ಮೋಟರಿಗೆ ವಿದ್ಯುತ್ ಇಲ್ಲದಿದ್ದರೆ ತೈಲ ಕದಲುವುದಿಲ್ಲ. ವಿದ್ಯುತ್ ಮರಳಿದರೂ ಪ್ರೊಪೆಲರ್ ನೀರು ತಳ್ಳದಿದ್ದರೆ ಚುಕ್ಕಾಣಿಗೆ ಶಕ್ತಿ ಸಾಲದು. ಇಂಥ ಸರಪಳಿಯನ್ನು ತೋರಿಸಿಕೊಡಲು ಸಿಮ್ಯುಲೇಟರಿನಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಸಡಿಲ ವೈರನ್ನು ಹುಡುಕಿ ಬಿಗಿಯುವ ಕೈಯನ್ನು ಮಾತ್ರ ಅದು ಕೊಡಲಾರದು. ಅದಕ್ಕೆ ವರ್ಕ್‌ಶಾಪೇ ಬೇಕು. ಕೆಲವು ಸಂಸ್ಥೆಗಳು ಕ್ಯಾಂಪಸ್ಸಿನಲ್ಲೇ ನಿಜವಾದ ಇಂಜಿನ್, ಪಂಪು, ಬಾಯ್ಲರುಗಳನ್ನು ಹಡಗಿನಲ್ಲಿರುವಂತೆ ಜೋಡಿಸಿ 'ಶಿಪ್ ಇನ್ ಕ್ಯಾಂಪಸ್' ಕಟ್ಟಿರುವುದು ಸರಿಯಾದ ಹೆಜ್ಜೆ.

ಕರ್ನಾಟಕ: ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾಯಿತು. ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಟಗ್‌ಗಳನ್ನೂ ನಾರ್ವೆಯ ಕಂಪನಿಗಾಗಿ ಸರಕು ಹಡಗುಗಳನ್ನೂ ಕಟ್ಟುತ್ತಿದೆ. ಕಡಲಿನಿಂದ ದೂರವಿದ್ದರೂ ಬೆಂಗಳೂರು ದೇಶದ ಹೈಡ್ರಾಲಿಕ್ಸ್ ಉದ್ಯಮದ ದೊಡ್ಡ ನೆಲೆಗಳಲ್ಲಿ ಒಂದು. ಪಂಪು, ವಾಲ್ವು, ಸಿಲಿಂಡರು ತಯಾರಿಸುವ ಕಾರ್ಖಾನೆಗಳು ಪೀಣ್ಯದಿಂದ ವೈಟ್‌ಫೀಲ್ಡ್‌ವರೆಗೆ ಇವೆ. ಇಷ್ಟಿದ್ದೂ ಮ್ಯಾರಿಟೈಮ್ ವಿಶ್ವವಿದ್ಯಾಲಯದ ಸ್ವಂತ ಕ್ಯಾಂಪಸ್ಸು ನಮ್ಮಲ್ಲಿಲ್ಲ. ಅದನ್ನು ಅರಸುವ ನಮ್ಮ ಹುಡುಗರು ಕೊಚ್ಚಿ, ಚೆನ್ನೈ, ಮುಂಬಯಿಗಳಿಗೆ ಹೋಗಬೇಕು. ಪೀಣ್ಯದ ಕಾರ್ಖಾನೆಗಳ ಪರೀಕ್ಷಾ ಬೆಂಚುಗಳನ್ನು ಕರಾವಳಿಯ ಕೆಡೆಟ್ಟುಗಳ ತರಬೇತಿಗೆ ಜೋಡಿಸಿದರೆ ಇಬ್ಬರಿಗೂ ಲಾಭ. ಸರ್ಕಾರವೂ ಉದ್ಯಮವೂ ಇದನ್ನು ಗಂಭೀರವಾಗಿ ಯೋಚಿಸಬೇಕು.

ಈ ವೃತ್ತಿಗೆ ಮಕ್ಕಳನ್ನು ಕಳಿಸಬೇಕೆಂದಿರುವ ತಂದೆತಾಯಿಗಳು ಶುಲ್ಕ ಕಟ್ಟುವ ಮುನ್ನ ಆ ಸಂಸ್ಥೆಗೆ ಡೈರೆಕ್ಟೊರೇಟ್ ಜನರಲ್ ಆಫ್ ಶಿಪ್ಪಿಂಗ್‌ನ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಬೇಕು. ಆಮೇಲೆ ವರ್ಕ್‌ಶಾಪಿಗೆ ಹೋಗಿ, ವಿದ್ಯಾರ್ಥಿಗಳು ತಾವೇ ಬಿಚ್ಚಿ ಮತ್ತೆ ಜೋಡಿಸಲು ಬಿಡುವ ಹೈಡ್ರಾಲಿಕ್ ಪಂಪು ಎಷ್ಟಿವೆ ಎಂದು ಕೇಳಿ. ಪಂಪಿಗೆ ಬಣ್ಣ ಬಳಿದು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರೆ ಬೇರೆ ಸಂಸ್ಥೆ ನೋಡಿ.